ಸೋಮವಾರದ ಅಳತೆ

“ಬೈಯೋದಾದ್ರೆ ಈಗ್ಲೇ ಬೈದುಬಿಡಿ ಡಾಕ್ಟ್ರಮ್ಮ. ಎರಡು ದಿನದಿಂದ ಊಟ ಗಂಟಲಲ್ಲಿ ಇಳೀತಿಲ್ಲ,” ಎಂದ ಇಲಿಮಾವ. ಪ್ರಯೋಗಾಲಯದ ಇಲಿಗಳನ್ನು ಇಪ್ಪತ್ತು ವರ್ಷದಿಂದ ಸಾಕುತ್ತಿದ್ದವನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಅದು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಅವಳಿಗೆ ಡಾಕ್ಟರೇಟ್ ಇನ್ನೂ ಸಿಕ್ಕಿರಲಿಲ್ಲ. ಅವನು ಮಾತ್ರ ಮೊದಲ ದಿನವೇ ಕೊಟ್ಟುಬಿಟ್ಟಿದ್ದ.

“ಏನಾಯ್ತು ಮಾವ?”

“ಸೋಮವಾರ ಪಂಜರ ತೊಳೆದು ಇಡೋವಾಗ ಚೀಟಿ ಅದಲುಬದಲು ಮಾಡಿಬಿಟ್ಟೆ. ಹಸಿರುದ್ದು ಹಳದಿಗೆ, ಹಳದಿದು ಹಸಿರಿಗೆ. ಮಂಗಳವಾರ ಕಾಳು ಹಾಕೋಕೆ ಬಂದ್ರೆ ನಮ್ಮ ಮೊಂಡುಬಾಲ ಹಸಿರು ಚೀಟಿ ಕೆಳಗೆ ಕೂತು ಮೀಸೆ ತೀಡ್ತಾ ಇದಾನೆ! ಅವನು ಹಳದಿ ಮನೆಯವನಲ್ವಾ? ಆಗ್ಲೇ ಸರಿ ಮಾಡಿಟ್ಟೆ. ಹೇಳೋಕೆ ಧೈರ್ಯ ಬರ್ಲಿಲ್ಲ.”

ಅವಳಿಗೆ ನಗು ಬಂತು. ಸೂಜಿ ಹಾಕುವುದು ಶುಕ್ರವಾರ. ಸೋಮವಾರ ಬರೀ ಇಲಿಗಳ ಕ್ಯಾನ್ಸರ್ ಗಡ್ಡೆಯ ಅಳತೆ. “ಔಷಧ ಏನೂ ಕಲಸಿಹೋಗಿಲ್ಲ ಮಾವ. ಎರಡು ಸಾಲನ್ನ ಆಚೀಚೆ ಬರೆದ್ರೆ ಮುಗೀತು. ಹೋಗಿ, ಹೊಟ್ಟೆ ತುಂಬ ಊಟ ಮಾಡಿ.”

ಎರಡೂ ಪಂಜರದ ಇಲಿಗಳಿಗೆ ಕೊಡುತ್ತಿದ್ದದ್ದು ಒಂದೇ ಔಷಧ, ಮರದ ತೊಗಟೆಯಿಂದ ತೆಗೆದದ್ದು. ಹಳದಿ ಚೀಟಿಯ ಆರು ಇಲಿಗಳಿಗೆ ಅದನ್ನು ಹಾಗೇ ಕೊಡುತ್ತಿದ್ದಳು. ಹಸಿರು ಚೀಟಿಯ ಆರು ಇಲಿಗಳಿಗೆ ನ್ಯಾನೊ ಕಣದಲ್ಲಿ ತುಂಬಿ, ಅಂದರೆ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟಿರುವ ಕೊಬ್ಬಿನ ಗುಳಿಗೆಯಲ್ಲಿ ಅಡಗಿಸಿ. ಗುಳಿಗೆ ಔಷಧವನ್ನು ನೇರ ಗಡ್ಡೆಗೇ ಮುಟ್ಟಿಸುತ್ತದೆ, ಆದ್ದರಿಂದ ಹಸಿರು ಪಂಜರದವುಗಳ ಗಡ್ಡೆ ಬೇಗ ಕರಗುತ್ತದೆ ಎಂಬುದು ಅವಳ ನಾಲ್ಕು ವರ್ಷದ ಕೆಲಸ. ಆರು ವಾರದ ಅಂಕಿಗಳೂ ಅದನ್ನೇ ಹೇಳುತ್ತಿದ್ದವು. ಲೇಖನ ಇಂದು ಸಂಜೆ ವಿಜ್ಞಾನ ಪತ್ರಿಕೆಗೆ ಹೋಗಬೇಕಿತ್ತು. ಅದರ ಬೆನ್ನಿಗೇ ಅವಳ ಪದವಿ.

ಸಾಲು ತಿದ್ದಲು ಪುಸ್ತಕ ತೆರೆದವಳ ಪೆನ್ನು ಅಲ್ಲೇ ನಿಂತಿತು. ಸೋಮವಾರವೂ ಹಸಿರಿನ ಅಂಕಿಗಳು ಎಂದಿನಂತೆ ಇಳಿದಿದ್ದವು, ಹಳದಿಯವು ಎಂದಿನಂತೆ ಹಟ ಹಿಡಿದು ಕೂತಿದ್ದವು. ಆದರೆ ಸೋಮವಾರ ಹಸಿರು ಚೀಟಿಯಡಿ ಇದ್ದವು ಹಳದಿ ಪಂಜರದ ಇಲಿಗಳು! ಎರಡೂ ಪಂಜರದಲ್ಲಿ ಇಲಿಗಳ ಕಿವಿಗೆ ಒಂದರಿಂದ ಆರರ ಗುರುತಿತ್ತು, ಮೊಂಡುಬಾಲ ನಾಲ್ಕನೆಯವನು. ಶುಕ್ರವಾರ ಎಂಟೂವರೆ ಮಿಲಿಮೀಟರ್ ಇದ್ದ ಮೊಂಡುಬಾಲನ ಗಡ್ಡೆ ಸೋಮವಾರ ಏಳೂವರೆ. ಚೀಟಿ ಸರಿಹೋದ ಮೇಲೆ, ಬುಧವಾರ, ಮತ್ತೆ ಎಂಟೂವರೆ. ಗಡ್ಡೆ ಕಲ್ಲಲ್ಲ, ಚರ್ಮದಡಿಯ ಮೆತ್ತನೆ ಮಾಂಸ. ಅಳೆಯುವ ಇಕ್ಕಳದಂಥ ಕ್ಯಾಲಿಪರನ್ನು ಒಂಚೂರು ಬಿಗಿ ಹಿಡಿದರೆ ಕಡಿಮೆ, ಸಡಿಲ ಬಿಟ್ಟರೆ ಹೆಚ್ಚು. ಅವತ್ತು ಅವಳು ಬಾಲ ನೋಡಿರಲಿಲ್ಲ. ಚೀಟಿ ನೋಡಿದ್ದಳು, ಕೈ ತನಗೇ ತಿಳಿಯದೆ ಅದರಂತೆ ಬಿಗಿದಿತ್ತು.

ಪುಸ್ತಕ ಹಿಡಿದು ನೇರ ತನ್ನ ಮಾರ್ಗದರ್ಶಕ ಪ್ರೊಫೆಸರ ಕೋಣೆಗೆ ಹೋದಳು. ಅವರು ಎಲ್ಲ ಕೇಳಿಸಿಕೊಂಡು ಕುರ್ಚಿಗೆ ಒರಗಿದರು.

“ಇಷ್ಟೇನಾ? ಚೀಟಿ ತಪ್ಪಿದ ದಿನ ಅಂತ ಸೋಮವಾರಾನ ಬಿಟ್ಟುಬಿಡು. ಹಾಗೆ ಬಿಡೋಕೆ ನಿಯಮಾನೇ ಇದೆ. ಯಾರೂ ತಪ್ಪು ಅನ್ನಲ್ಲ.”

“ನಾನು ಸಿಕ್ಕಿಬಿದ್ದಿರೋದು ಅದೊಂದೇ ದಿನ, ಸರ್. ಅದನ್ನೇ ಬಿಡೋದಾ?”

“ಬೇಕಂತ ಸುಳ್ಳು ಬರೆದೆಯೇನು?”

“ಇಲ್ಲ. ಬೇಕಂತ ಬರೆದಿದ್ರೆ ಎಲ್ಲೆಲ್ಲಿ ಬರೆದೆ ಅಂತಾದ್ರೂ ಗೊತ್ತಿರ್ತಿತ್ತು.”

ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸರಿ, ಈಗೇನು ಮಾಡ್ಬೇಕು ಅಂತೀಯ?”

“ಲೇಖನ ಇವತ್ತು ಹೋಗೋದು ಬೇಡ. ಯಾವ ಇಲಿಗೆ ಯಾವ ಔಷಧ ಅಂತ ಗೊತ್ತಿಲ್ಲದವರ ಕೈಲಿ ಮೊದಲಿಂದ ಅಳೆಸ್ತೀನಿ. ಹೊಸ ಇಲಿ, ಹೊಸ ಪುಸ್ತಕ. ಗುಳಿಗೆ ನಿಜವಾಗ್ಲೂ ಕೆಲಸ ಮಾಡ್ತಿದ್ರೆ ಆಗ್ಲೂ ಮಾಡತ್ತೆ.”

“ಒಂದು ವರ್ಷ ನೀರಿಗೆ ಬಿತ್ತು ಅಂದ್ಕೋ.”

“ಅಂದ್ಕೊಂಡೇ ಬಂದೆ, ಸರ್.”

ಪ್ರೊಫೆಸರು ಎದ್ದು ಅಂಗಿಯ ತೋಳು ಮಡಚಿದರು. “ನೀನು ವಿಪರೀತ ಯೋಚನೆ ಮಾಡ್ತೀಯ. ನಡಿ, ನಾನೇ ಅಳೀತೀನಿ. ಮೂವತ್ತು ವರ್ಷ ಪಳಗಿದ ಕೈ ಇದು. ನಿನ್ನ ಬುಧವಾರದ ಅಂಕಿಗೂ ನನ್ನ ಅಂಕಿಗೂ ತಾಳೆ ಬಂದ್ರೆ ಸಂಜೆ ಲೇಖನ ಹೋಗತ್ತೆ. ಒಪ್ಪಿಗೆನಾ?”

“ಒಪ್ಪಿಗೆ. ಆದ್ರೆ ಚೀಟಿ ಇರಲ್ಲ.”

“ಇಲ್ಲದಿದ್ರೆ ಇಲ್ಲ, ಅದಕ್ಕೇನಂತೆ!”

ಇಲಿಮಾವ ಎರಡೂ ಪಂಜರದ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ಅವರಿಬ್ಬರನ್ನೂ ಗೋಡೆಯ ಕಡೆ ತಿರುಗಿ ನಿಲ್ಲಿಸಿ ಪಂಜರಗಳನ್ನು ಹಿಂದೆ ಮುಂದೆ ಸರಿಸಿದ. ಆಮೇಲೆ ಒಂದು ಇಲಿಯನ್ನು ಎತ್ತಿ, ಬಾಲವನ್ನು ತನ್ನ ಮುಷ್ಟಿಯೊಳಗೆ ಮುಚ್ಚಿ ಹಿಡಿದ. “ಬನ್ನಿ ಸಾರ್. ಕಚ್ಚಲ್ಲ, ನನ್ನ ಮರ್ಯಾದೆ ಉಳಿಸ್ತಾನೆ.”

ಪ್ರೊಫೆಸರ ಕೈ ನಿಜಕ್ಕೂ ಪಳಗಿದ್ದೇ. ಎಡಗೈ ಬೆರಳುಗಳಿಂದ ರೋಮ ಸರಿಸಿ, ಬಲಗೈಯಲ್ಲಿ ಕ್ಯಾಲಿಪರಿನ ಬಾಯಿ ತೆರೆದು ಗಡ್ಡೆಯ ಎರಡೂ ಬದಿಗೆ ತಂದರು. ಇನ್ನೇನು ಮುಚ್ಚಬೇಕು, ತಲೆ ಎತ್ತದೆ ಕೇಳಿದರು:

“ಇದು ಹಸಿರಾ, ಹಳದಿನಾ?”

ಇಲಿಮಾವ ಸೂರು ನೋಡಿದ. ಅವಳು ಪೆನ್ನಿನ ಮುಚ್ಚಳ ತೆಗೆದು, ತುದಿಯನ್ನು ಪುಸ್ತಕದ ಖಾಲಿ ಸಾಲಿನ ಮೇಲಿಟ್ಟು, ಕಾದಳು.