ದಕ್ಷಿಣದ ಗೋಡೆ

ಕೋಣೆಯಲ್ಲಿ ನೇತುಹಾಕಿದ್ದ ಅಣಬೆ ಚೀಲಗಳನ್ನು ಸಾಕಮ್ಮ ಒಂದೊಂದಾಗಿ ತಿರುಗಿಸಿ ನೋಡಿದಳು. ಹೋದ ಬೆಳೆಯಂತೆ ಇದೂ ಕಾಂಡವಷ್ಟೇ ಉದ್ದವಾಗಿ, ಕೊಡೆ ಬಿಚ್ಚದೆ ಹಳದಿಗೆ ತಿರುಗಿತ್ತು. ತಮ್ಮನ ಮಗಳ ಮದುವೆ ಊಟಕ್ಕೆ ಅಣಬೆ ತನ್ನದೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದಾಗಿತ್ತು.

"ಗಾಳಿಯಿಲ್ದೆ ಉಸಿರು ಕಟ್ಟಿದೆ ಅತ್ತೆ," ಎಂದಳು ಸೊಸೆ. "ದಕ್ಷಿಣದ ಗೋಡೆ ಒಡೆಸಿ ಕಿಟಕಿ ಇಡಿಸದಿದ್ರೆ ಒಂದೂ ಉಳಿಯಲ್ಲ."

"ಅದು ಯಮನ ದಿಕ್ಕು ಕಣೇ! ಈ ಕೋಣೇಲಿ ಮಲಗ್ತಿದ್ದಾಗ ಮಗೀಗೆ ಗೂರಲು, ಉಸಿರಾಡಕ್ಕಾಗಲ್ಲ ಅಂತ ನೀನು ಇದೇ ರಾಗ ತೆಗ್ದಿದ್ದೆ. ಆಗ್ಲೂ ನಾನು ಆಗಲ್ಲ ಅಂದಿದ್ದೆ."

"ಹಂಗಾದ್ರೆ ಬಿಡಿ, ಚೀಲಗಳನ್ನ ತಿಪ್ಪೆಗೆ ಹಾಕ್ತೀನಿ."

ಸಾಕಮ್ಮ ಗೋಡೆಗೆ ಕೈಮುಗಿದು, ಅಳುತ್ತಲೇ ಗಾರೆಯವನಿಗೆ ಹೇಳಿಕಳಿಸಿದಳು.

ಮರುದಿನ ಕಿಟಕಿ ಕೂತಿತು. ಸಂಜೆ ಸಾಕಮ್ಮ ಬಂದು ನೋಡಿದರೆ ಕೋಣೆಯಲ್ಲಿ ಒಂದು ಚೀಲವೂ ಇರಲಿಲ್ಲ. ಎಲ್ಲವೂ ಹಿತ್ತಲ ಚಪ್ಪರದಡಿ ತೂಗುತ್ತಿದ್ದವು. ಸೊಸೆ, ಅಣಬೆಗೆ ಗಾಳಿ ಹೋಗದಂತೆ ಬಾಗಿಲ ಮೇಲಿನ ಗಾಳಿಕಿಂಡಿಗೆ ತಾನೇ ತುರುಕಿಟ್ಟಿದ್ದ ಹಳೇ ಸೀರೆಯನ್ನು ಎಳೆದು ತೆಗೆದು, ಕೊಡವಿ, ಕಿಟಕಿಯ ಕೆಳಗೆ ಹಾಸಿ ಗೂರಲಿನ ಮಗಳನ್ನು ಮಲಗಿಸಿದಳು.