ಅಮ್ಮಿ ಊದುವ ತನಕ

ಓಟದ ಕಾರುಗಳ ಬಗ್ಗೆ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ಇಂಜಿನ್ನಿನ ವಿಷಯದಲ್ಲಿ ಏನಾದರೂ ತಪ್ಪು ಹೇಳಿದ್ದರೆ ಬಲ್ಲವರು ಮನ್ನಿಸಬೇಕು. ಆ ಭಾನುವಾರ ಬೇಲಿಯ ಪಕ್ಕ ನಿಂತು ನೋಡಿದ್ದೇನೆ ಎಂಬುದಷ್ಟೇ ನನಗಿರುವ ಅರ್ಹತೆ.

"ಹಿಂದಿನ ಸೀಟ್ ಎಲ್ಲಿ ಹೋತವ್ವಾ?" ಕಾರಿನೊಳಗೆ ಬಗ್ಗಿ ನೋಡಿದ ಫಹ್ಮೀದಾ ಮಗಳನ್ನು ಕೇಳಿದರು.

"ತೆಗೆದುಬಿಟ್ಟೆ ಅಮ್ಮಿ. ವೆಯ್ಟ್ ಜಾಸ್ತಿ ಲಾ," ಎಂದಳು ಫರೀಹಾ.

"ಕನ್ನಡಿ?"

"ಅದೂ ವೆಯ್ಟೇ."

"ಮತ್ತ ಹಿಂದ ಏನೈತಿ ಅಂತ ಹೆಂಗ ನೋಡ್ತಿ?"

"ಇಲ್ಲಿ ಹಿಂದೆ ನೋಡೋಕೆ ಏನಿಲ್ಲ ಅಮ್ಮಿ."

ಒಂದು ಕಾಲಕ್ಕೆ ಬ್ರಿಕ್‌ಫೀಲ್ಡ್ಸ್‌ನ ಭಾರತೀಯ ಅಂಗಡಿಗಳಿಂದ ಜೋಳದ ಹಿಟ್ಟು, ಹುಣಸೆಹಣ್ಣು ಹೊತ್ತು ಪೆಟಾಲಿಂಗ್ ಜಯಾದ ಮನೆಗೆ ಬರುತ್ತಿದ್ದ ಹಳೆಯ ಪ್ರೋಟಾನ್ ಸಾಗಾ ಅದು. ಈಗ ಬಾನೆಟ್ ಕೊರೆದು ಟರ್ಬೊ ಕೂರಿಸಿ, ಒಳಗೆ ಕಬ್ಬಿಣದ ಪಂಜರ ಕಟ್ಟಿದ್ದರು. ಕ್ಲಾಂಗ್ ಕಡೆಯ ಆ ಟ್ರ್ಯಾಕಿನಲ್ಲಿ ಶನಿವಾರದಿಂದ ಔಟ್‌ಲಾ ಡ್ರ್ಯಾಗ್ ರೇಸ್ ನಡೆಯುತ್ತಿತ್ತು. ಎರಡೆರಡೇ ಕಾರುಗಳು ಪಕ್ಕಪಕ್ಕ ನಿಂತು, ಹಸಿರು ದೀಪ ಬಿದ್ದೊಡನೆ ನೇರ ರಸ್ತೆಯಲ್ಲಿ ಕಾಲು ಮೈಲಿ ಓಡಬೇಕು. ಸುರಕ್ಷತೆಯ ತಪಾಸಣೆ ಮುಗಿದ ಮೇಲೆ, ಇಂಜಿನ್ನಿಗೆ ಏನು ಮಾಡಿದ್ದೀರಿ ಎಂದು ಕೇಳುವವರಿಲ್ಲ. ತಾಯಿ ಮಗಳ ನಡುವೆ ಮಾತಾಗಿತ್ತು: ಫಹ್ಮೀದಾ ಒಮ್ಮೆ ಬಂದು ಕಣ್ಣಾರೆ ನೋಡಬೇಕು, ನೋಡಿದ ಮೇಲೂ ಬೇಡವೆಂದರೆ ಫರೀಹಾ ಇದನ್ನು ಶಾಶ್ವತವಾಗಿ ಬಿಡಬೇಕು. ಪಕ್ಕದ ಮನೆಯವಳಾದ ನನ್ನನ್ನು ಫಹ್ಮೀದಾ ಜೊತೆಗೆ ಕರೆದುಕೊಂಡು ಬಂದಿದ್ದರು. "ಬ್ಯಾಡ ಅನ್ನಾಕs ಹೊಂಟೀನಿ," ಎಂದು ದಾರಿಯುದ್ದಕ್ಕೂ ಹೇಳಿದ್ದರು.

ಫರೀಹಾಳ ಸಹಪಾಠಿ, ಧಾರವಾಡದ ಸುಪ್ರೀತ್, ಈ ಕಾರಿನ ರಿಪೇರಿಯೆಲ್ಲ ನೋಡಿಕೊಳ್ಳುವವನು. ಮಾಮಾಕ್ ಹೋಟೆಲಿನಿಂದ ತಪಾವ್ ಮಾಡಿಸಿ, ಎಂದರೆ ಕಟ್ಟಿಸಿಕೊಂಡು, ತಂದ ರೊಟ್ಟಿ ಚನಾಯ್ ಪೊಟ್ಟಣವನ್ನು ಫಹ್ಮೀದಾರ ಕೈಗಿಟ್ಟ.

"ಈಗs ತಿನ್ರಿ ಆಂಟಿ. ಗಾಡಿ ಚಾಲೂ ಆತಂದ್ರ ತುತ್ತು ಇಳಿಯಂಗಿಲ್ಲ."

"ಈಗರ ಎಲ್ಲಿ ಇಳಿಯಾಕತ್ತೈತಿ," ಎಂದು ಅವರು ಪೊಟ್ಟಣವನ್ನು ನನಗೆ ದಾಟಿಸಿದರು.

ಅವರ ಮನೆಯ ಒಂದು ಪದ್ಧತಿ ಹೇಳಬೇಕು. ಯಾರೇ ಹೊರಗೆ ಹೊರಡಲಿ, ಪರೀಕ್ಷೆಗಾಗಲಿ ಅಂಗಡಿಗಾಗಲಿ, ಫಹ್ಮೀದಾ ಬಾಗಿಲಲ್ಲಿ ನಿಲ್ಲಿಸಿ ದುಆ ಓದಿ, ಹಣೆಯ ಮೇಲೆ ಉಫ್ ಎಂದು ಊದುತ್ತಾರೆ. ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಪುಟ್ಟ ಫರೀಹಾ ಕಣ್ಣು ಮುಚ್ಚಿ ಕಾಯುತ್ತಿದ್ದುದನ್ನು ನಾನು ಲಿಫ್ಟಿನ ಬಳಿ ನಿಂತು ಎಷ್ಟೋ ಸಲ ನೋಡಿದ್ದೇನೆ. ಅಂದು ಮಾತ್ರ ಅವಳು ಅಮ್ಮ ಏಳುವ ಮೊದಲೇ ಟ್ರ್ಯಾಕಿಗೆ ಬಂದುಬಿಟ್ಟಿದ್ದಳು. ಊದಿಸಿಕೊಂಡಿರಲಿಲ್ಲ.

ಸ್ಪೀಕರಿನಲ್ಲಿ ಅವಳ ನಂಬರ್ ಕೂಗಿದರು. ಕಾರಿನ ಕಡೆಯವರು ಇಬ್ಬರು ಆರಂಭದ ಗೆರೆಯ ತನಕ ಹೋಗಬಹುದಂತೆ. ಸುಪ್ರೀತ್ ಫಹ್ಮೀದಾರ ಬುರ್ಖಾದ ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಡಿಸಿದ.

"ಟ್ರಾಫಿಕ್ ಪೊಲೀಸ್ ಆದೆ ನೋಡು," ಎಂದು ನನ್ನ ಕಡೆ ನೋಡಿ ನಗಲು ಪ್ರಯತ್ನಿಸಿದರು. ಆಮೇಲೆ ಹೋಗಿ ಕಾರಿನ ನೇರ ಹಿಂದೆ, ತುಸು ದೂರದಲ್ಲಿ ನಿಂತರು.

ಟಯರು ಕಾಯಿಸಲು ಫರೀಹಾ ಕಾರು ನಿಂತಲ್ಲೇ ಚಕ್ರಗಳನ್ನು ಗರಗರ ತಿರುಗಿಸಿದಳು. ಆ ಸದ್ದು ನನ್ನ ಕಿವಿಗಲ್ಲ, ಪಾದಗಳಿಗೆ ಮೊದಲು ಕೇಳಿಸಿತು. ಬೇಲಿಯ ತಂತಿ ಗುಂಯ್‌ಗುಟ್ಟಿತು. ರೊಟ್ಟಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟಿದ್ದ ಬೇಳೆ ಸಾರು ನನ್ನ ಕೈಯಲ್ಲಿ ತಾನಾಗಿಯೇ ಅಲೆಯೆದ್ದಿತು. ಬಿಳಿ ಹೊಗೆ ಎದ್ದು ಕಾರನ್ನೂ ಫಹ್ಮೀದಾರನ್ನೂ ಮುಚ್ಚಿ, ನಿಧಾನವಾಗಿ ತಿಳಿಯಾಯಿತು. ಅವರು ನಿಂತಲ್ಲೇ ನಿಂತಿದ್ದರು. ತುಟಿಗಳು ಆಡುತ್ತಿದ್ದವು.

ಹಳದಿ ದೀಪಗಳು ಹೊತ್ತಿದವು. ಹಸಿರು ಬಿತ್ತು. ಪಕ್ಕದ ನೀಲಿ ಕಾರು ಚಿಮ್ಮಿತು. ಸಾಗಾ ಗುಡುಗುತ್ತ ನಿಂತೇ ಇತ್ತು.

"ಹೋಗ್, ಫರೀ, ಹೋಗ್," ಎಂದ ಸುಪ್ರೀತ್, ತಲೆಯ ಮೇಲೆ ಎರಡೂ ಕೈ ಹೊತ್ತು.

ಫಹ್ಮೀದಾರ ಓದು ಮುಗಿದಿರಲಿಲ್ಲ. ಮುಗಿಯಿತು. ಕಾರಿನ ಕಡೆ ಮುಖ ಮಾಡಿ ಅವರು ಊದಿದರು.

ಕಾರು ಅಲ್ಲಿರಲಿಲ್ಲ. ಬೇರೆ ಹೇಗೆ ಹೇಳಬೇಕೋ ತಿಳಿಯದು. ಜೋಳದ ಹಿಟ್ಟಿನ ಆ ಕಾರು ಅಷ್ಟು ಹೊತ್ತು ಇದ್ದ ಜಾಗದಲ್ಲಿ ಎರಡು ಕಪ್ಪು ಗೆರೆಗಳಿದ್ದವು, ರಸ್ತೆಯ ತುದಿಯಲ್ಲಿ ಬಿಸಿಲಿನ ನಡುಕದೊಳಗೆ ಒಂದು ಚುಕ್ಕೆಯಿತ್ತು, ನಡುವೆ ಇದ್ದುದು ಬರೀ ಸದ್ದು. ನನ್ನ ಕಣ್ಣಲ್ಲಿ ಯಾಕೆ ನೀರು ಬಂತೋ, ಹೊಗೆಯಿಂದಲೇ ಇರಬಹುದು.

ಫರೀಹಾ ಸೋತಿದ್ದಳು. ಆದರೆ ಬೋರ್ಡಿನ ಮೇಲೆ ಬಂದ ಸಮಯ ಅವಳ ಈವರೆಗಿನ ಎಲ್ಲ ಓಟಗಳಿಗಿಂತ ಕಡಿಮೆಯಿತ್ತು. ಗೆರೆ ಬಿಟ್ಟ ಮೇಲಷ್ಟೇ ಗಡಿಯಾರ ಶುರುವಾಗುತ್ತದೆ, ನಿಂತದ್ದು ಲೆಕ್ಕಕ್ಕಿಲ್ಲ ಎಂದು ಸುಪ್ರೀತ್ ನನಗೆ ವಿವರಿಸಿದ. ಅವಳು ವಾಪಸು ಬಂದಾಗ ಮಾತ್ರ ಅವನು ಕೇಳದೆ ಬಿಡಲಿಲ್ಲ.

"ಹಸಿರು ಬಿದ್ದಾಗ ನಿದ್ದಿ ಹೊಡದ್ಯೇನು?"

ಫರೀಹಾ ಹೆಲ್ಮೆಟ್ ತೆಗೆದು ಅಮ್ಮನನ್ನೇ ನೋಡಿದಳು. "ಏನಂತೀರಾ ಅಮ್ಮಿ?"

ಫಹ್ಮೀದಾ ತೋಳಿನಿಂದ ಅವಳ ಹಣೆಯ ಬೆವರು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಮುಂದಿನ ಸಲ ಸಣ್ಣ ದುಆ ಓದ್ತೀನಿ," ಎಂದರು.

ಫಹ್ಮೀದಾ ನಿಂತದ್ದು ಕಾರಿನ ಹಿಂದೆ. ಆ ಕಾರಿಗೆ ಕನ್ನಡಿಗಳಿರಲಿಲ್ಲ. ಅವರು ಊದಿದ್ದು ಅವಳಿಗೆ ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ.