ಭಾರದ ಬಾಣ

“ಅತಿ ಹಗುರದ ಬಾಣ ಯಾವುದುಂಟು, ಅದನ್ನೇ ಕೊಡಿ ಮೇಡಂ. ಬೇಟೆಗೆ,” ಎನ್ನುತ್ತ ಆಲನ್ ಮಥಾಯಸ್ ತಮ್ಮ ಮರದ ಬಿಲ್ಲನ್ನು ಕೌಂಟರಿನ ಮೇಲೆ ಮಲಗಿಸಿದರು. ಗ್ರೀನ್‌ಫರ್ಡಿನ ಗೋದಾಮುಗಳ ಸಾಲಿನಲ್ಲಿದ್ದ ಆ ಬಿಲ್ಲುಬಾಣದ ಅಂಗಡಿಯಲ್ಲಿ ಕನ್ನಡದಲ್ಲಿ ಬಾಣ ಕೇಳಿದವರು ಹನ್ನೊಂದು ವರ್ಷಗಳಲ್ಲಿ ಅವರೊಬ್ಬರೇ. ಅಂಗಡಿ ನೋಡಿಕೊಳ್ಳುವ ಸುವರ್ಣಾ ಫೋನಿನಲ್ಲಿ ಮಗಳನ್ನು ಕನ್ನಡದಲ್ಲಿ ಗದರುತ್ತಿದ್ದದ್ದು ಕಿವಿಗೆ ಬಿದ್ದು, ಉಡುಪಿ ಕಡೆಯ ಆ ಅರವತ್ತರ ಮನುಷ್ಯ ಇಂಗ್ಲಿಷನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದಿದ್ದರು.

ಸುವರ್ಣಾ ಬಿಲ್ಲಿನ ಮೇಲೆ ಬರೆದಿದ್ದ ಅಂಕಿ ಓದಿದಳು. ನಲವತ್ತು ಪೌಂಡು. ಹೆದೆಯೆಳೆಯಲು ಅಷ್ಟು ಬಲ ಸಾಕು. ಬೇಟೆಯ ಬಿಲ್ಲಿನ ಲೆಕ್ಕದಲ್ಲಿ ತೀರಾ ಮೆತ್ತಗಿನದು.

“ಇದರಾಗ ಬ್ಯಾಟಿ ಆಡ್ತೀರೇನ್ರಿ? ಈ ಇಂಗ್ಲಿಷರ ದೇಶದಾಗ ಬಿಲ್ಲಿನ ಬ್ಯಾಟಿ ಕಾನೂನಿಗೆ ವಿರುದ್ಧ ಐತಿ.”

“ಇಲ್ಲಿ ಅಲ್ಲ ಮಾರಾಯ್ರೆ, ಫ್ರಾನ್ಸಿನಲ್ಲಿ. ನನ್ನತ್ರ ಲೈಸೆನ್ಸ್ ಉಂಟು. ಮೊದಲು ಐವತ್ತೈದರ ಬಿಲ್ಲು ಎಳೀತಿದ್ದೆ. ಭುಜದ ಆಪರೇಷನ್ ಆದ ಮೇಲೆ ಇಷ್ಟೇ.” ಗೋಡೆಯಲ್ಲಿದ್ದ ತೆಳ್ಳನೆಯ ಕಾರ್ಬನ್ ಬಾಣದ ಕಡೆ ಬೆರಳು ತೋರಿಸಿದರು. “ಬಿಲ್ಲು ಸೋತರೆ ಬಾಣವಾದರೂ ಬೇಗ ಹೋಗಬೇಕಲ್ವಾ?”

“ಹ್ವಾದ ವರ್ಷ ಯಾವ ಬಾಣ ಒಯ್ದಿದ್ರಿ?”

“ಇಂಥದ್ದೇ.” ಆಲನ್ ಹೆದೆಯನ್ನು ಸವರಿದರು. “ಜಿಂಕೆಗೆ ತಾಗಿತು. ಓಡಿತು. ಎರಡು ದಿನ ಹುಡುಕಿದೆವು. ರಕ್ತ ಮೊದಲು ಅಂಗೈಯಗಲ ಇತ್ತು, ಆಮೇಲೆ ಸಾಸಿವೆಯಷ್ಟು, ಆಮೇಲೆ ಅದೂ ಇಲ್ಲ. ಮನೆಯಲ್ಲಿ ಹೆಂಡತಿ ಒಲಿವಿಯಾಗೆ ಗುರಿ ತಪ್ಪಿತು ಅಂದೆ. ಪಾದ್ರಿಗೂ ಹೇಳಲಿಲ್ಲ.”

ಸ್ಟಾಕ್ ಇಲ್ಲ ಎಂದುಬಿಟ್ಟರೆ ಮುಗಿಯಿತು ಎಂದು ಸುವರ್ಣಾಗೆ ಅನ್ನಿಸಿತು. ಆದರೆ ಈ ಮನುಷ್ಯ ಇಲ್ಲಿಂದ ನೇರ ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಅಲ್ಲಿ ಅದೇ ಹಗುರದ ಬಾಣವನ್ನು ನಗುನಗುತ್ತ ಕಟ್ಟಿಕೊಡುತ್ತಾರೆ. ಫ್ರಾನ್ಸಿನ ಯಾವುದೋ ಕಾಡಿನಲ್ಲಿ ಇನ್ನೊಂದು ಜಿಂಕೆ ಎರಡು ದಿನ ಓಡುತ್ತದೆ.

“ಬರ್ರಿ ಹಿಂದಕ,” ಎಂದು ಅಂಗಡಿಯ ಹಿಂದಿದ್ದ ಅಭ್ಯಾಸದ ಕೋಣೆಗೆ ಕರೆದೊಯ್ದಳು. ಎರಡು ಬಾಣ ಕೊಟ್ಟಳು: ಒಂದು ಅವರು ಕೇಳಿದ ಕಾರ್ಬನ್, ಇನ್ನೊಂದು ಕೈಗೆ ತೂಕ ಹತ್ತುವಂಥ ಮರದ್ದು. ಆಲನ್ ಬಿಟ್ಟ ಕಾರ್ಬನ್ ಬಾಣ ಸಿಳ್ಳೆ ಹೊಡೆದಂತೆ ಹೋಗಿ ದಪ್ಪ ಫೋಮಿನ ಗುರಿಯಲ್ಲಿ ನಾಲ್ಕು ಬೆರಳು ನಾಟಿತು. ಮರದ್ದು ನಿಧಾನವಾಗಿ, ಕೊಂಚ ಬಾಗಿ ಹೋಯಿತು. ಆದರೆ ಒಂದು ಗೇಣು ಒಳಗಿಳಿದಿತ್ತು.

“ಹಗುರಿಂದು ಜೋರ್ ಹೋಗ್ತೈತಿ, ತಾಗಿದ ಕೂಡ್ಲೆ ನಿಂತಬಿಡ್ತೈತಿ. ಭಾರದ್ದು ಸಾವಕಾಶ ಹೋಗ್ತೈತಿ, ಆದ್ರ ನಿಂದ್ರಂಗಿಲ್ಲ. ಮೂರು ಅಲಗಿನ ಮೊನಿನೂ ಬ್ಯಾಡ್ರಿ, ಎರಡರದ ಸಾಕು. ನಿಮ್ಮ ಬಿಲ್ಲಿನ ಬಲಕ್ಕ ಅದ ಸರಳ ಒಳಗ ಹೋಗೂದು.”

“ಅದು ಸರಿ. ಆದರೆ ಹದಿನೈದು ಹೆಜ್ಜೆ ದಾಟಿದರೆ ಇದು ಕೆಳಗೆ ಬೀಳ್ತದೆ.”

“ಹಂಗಾರ ಹದಿನೈದ ಹೆಜ್ಜಿ ಹತ್ತಿರಕ ಹೋಗ್ರಿ. ಹೋಗಾಕ ಆಗಲಿಲ್ಲ ಅಂದ್ರ ಬಾಣ ಬಿಡಬ್ಯಾಡ್ರಿ.”

ಆಲನ್ನರ ಮುಖ ಕೆಂಪೇರಿತು. ಮೂವತ್ತು ಹೆಜ್ಜೆಯಿಂದ ಗುರಿ ಹೊಡೆಯುತ್ತಿದ್ದವರು ಅವರು. “ನೀವು ಎಷ್ಟು ಬೇಟೆ ಆಡಿದ್ದೀರಿ ಮೇಡಂ?”

“ಒಂದೂ ಇಲ್ರಿ. ವಿಜಾಪುರದ ಲಿಂಗಾಯತರ ನಾವು. ಮನಿಯಾಗ ತತ್ತಿನೂ ತರಂಗಿಲ್ಲ.”

ಆಲನ್ ಬಿಲ್ಲನ್ನು ಕೆಳಗಿಳಿಸಿದರು. ಸುವರ್ಣಾ ಡ್ರಾಯರಿನಿಂದ ಸಾಣೆಕಲ್ಲು ತೆಗೆದಳು. ಮೊನೆ ಮಸೆದುಕೊಡುವುದು ಅಂಗಡಿಯ ಕೆಲಸವಲ್ಲ, ಕೊಂಡವರ ಕೆಲಸ. ಆದರೂ ಅರ್ಧ ಗಂಟೆ ಕೂತು ಮೂರು ಭಾರದ ಬಾಣಗಳ ಎರಡಲಗಿನ ಮೊನೆ ಮಸೆದಳು. ತನ್ನ ಮುಂಗೈ ಮೇಲೆ ಎಳೆದು ನೋಡಿದಳು. ಕೂದಲು ಸದ್ದಿಲ್ಲದೆ ಉದುರಿತು.

“ಕೊಲ್ಲೂದನ್ನ ತಡಿಯೂದು ನನ್ನ ಕೈಯಾಗಿಲ್ರಿ,” ಎಂದಳು. “ಆದ್ರ ಅದು ಎರಡು ದಿನ ನರಳಿ ಸಾಯಬಾರದು.”

ಹನ್ನೆರಡು ಬೇಕೆಂದು ಬಂದಿದ್ದ ಆಲನ್ ಆ ಮೂರನ್ನೇ ಒಯ್ದರು.

ಮರುದಿನ ಬೆಳಿಗ್ಗೆ ಹ್ಯಾರೋದಲ್ಲಿದ್ದ ತನ್ನ ಮನೆಯಲ್ಲಿ ಸುವರ್ಣಾ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಳು. ಸಾಣೆಕಲ್ಲಿನ ಬೂದು ಬಣ್ಣ ಎಷ್ಟು ತೊಳೆದರೂ ಕೈರೇಖೆಗಳಲ್ಲಿ ಉಳಿದಿತ್ತು. ಆಕೆ ಅಂಗಡಿಯಲ್ಲಿ ಆಟದ ಸಾಮಾನು ಮಾರುತ್ತಾಳೆಂದು ನಂಬಿದ್ದ ಅತ್ತೆ ಸುಶೀಲಾಬಾಯಿ, “ಯಾಕವ್ವಾ, ಮೈಯಾಗ ಆರಾಮಿಲ್ಲೇನು?” ಎಂದು ಎರಡು ಸಲ ಕೇಳಿದರು. ಆ ತಿಂಗಳೆಲ್ಲ ಅಂಗಡಿಯ ಬಾಗಿಲು ತೆರೆದಾಗಲೆಲ್ಲ ಅವಳು ಕೆಲಸ ಬಿಟ್ಟು ಆ ಕಡೆ ನೋಡುತ್ತಿದ್ದಳು.

ನವೆಂಬರಿನಲ್ಲಿ ಆಲನ್ ಬಂದರು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಹೋಗುವತನಕ ಒಂದು ಮೂಲೆಯಲ್ಲಿ ನಿಂತಿದ್ದು, ಆಮೇಲೆ ಕೌಂಟರಿನ ಹತ್ತಿರ ಬಂದರು. ಕೇಳುವ ಧೈರ್ಯ ಸುವರ್ಣಾಗಿರಲಿಲ್ಲ.

“ಹದಿನಾಲ್ಕು ಹೆಜ್ಜೆ ಮೇಡಂ,” ಎಂದು ಅವರೇ ಶುರುಮಾಡಿದರು. “ಒಂದು ಗಂಟೆ ಮಂಡಿಯೂರಿ ಕೂತಿದ್ದೆ. ಬಾಣ ಹೊಕ್ಕು ಆಚೆ ಹೋಗಿ ಮಣ್ಣಿಗೆ ನಾಟಿತು. ಜಿಂಕೆ ಬೆಚ್ಚಲೂ ಇಲ್ಲ. ತಲೆಯೆತ್ತಿ ಒಮ್ಮೆ ಸುತ್ತ ನೋಡಿತು, ಮತ್ತೆ ಮೇಯಲಿಕ್ಕೆ ಬಗ್ಗಿತು.”

“ಮತ್ತ?”

“ನಿಂತಲ್ಲೇ ಕೂತಿತು, ಅಷ್ಟೇ. ಹತ್ತಿರ ಹೋಗಿ ನೋಡಿದರೆ ಜೀವ ಇರಲಿಲ್ಲ.” ಆಲನ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. “ಬಾಯಲ್ಲಿ ಹುಲ್ಲು ಹಾಗೇ ಇತ್ತು.”